ಕನ್ನಡಿ ಹೋದ ಮೇಲೂ ಉಳಿದ ತೂಕ

ನಿಕಾನ್ ಕಂಪನಿಯು 2020ರಲ್ಲಿ ಮಾರುಕಟ್ಟೆಗೆ ತಂದ ಡಿ6 ಎಂಬ ವೃತ್ತಿಪರ ಕ್ಯಾಮೆರಾ ಬ್ಯಾಟರಿ ಮತ್ತು ಮೆಮೊರಿ ಕಾರ್ಡ್ ಸೇರಿ 1450 ಗ್ರಾಂ ತೂಗುತ್ತಿತ್ತು. ಮರುವರ್ಷ ಅದರ ಜಾಗಕ್ಕೆ ಬಂದ ಝಡ್9ರಲ್ಲಿ ಕನ್ನಡಿಯಿಲ್ಲ, ಕನ್ನಡಿಯನ್ನು ಎತ್ತಿ ಇಳಿಸುವ ಯಂತ್ರವಿಲ್ಲ, ನೋಟವನ್ನು ನೆಟ್ಟಗೆ ಮಾಡಿ ಕಣ್ಣಿಗೆ ಒದಗಿಸುತ್ತಿದ್ದ ಗಾಜಿನ ಪಟ್ಟಕವಿಲ್ಲ, ತೆರೆದು ಮುಚ್ಚುವ ಯಾಂತ್ರಿಕ ಶಟರ್ ಕೂಡ ಇಲ್ಲ. ಆದರೂ ಅದರ ತೂಕ 1340 ಗ್ರಾಂ. ಇಷ್ಟೆಲ್ಲ ಭಾಗಗಳು ಹೊರಹೋದ ಮೇಲೆ ಇಳಿದದ್ದು 110 ಗ್ರಾಂ ಮಾತ್ರ. ಕನ್ನಡಿರಹಿತ ಕ್ಯಾಮೆರಾ ಎಂದರೆ ಹಗುರವಾದ ಕ್ಯಾಮೆರಾ ಎಂಬ ಮಾತು ಅಂಗಡಿಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಹದಿನೈದು ವರ್ಷಗಳಿಂದ ಕೇಳಿಬರುತ್ತಿದೆಯಾದರೂ, ವೃತ್ತಿಯ ಉಪಯೋಗಕ್ಕೆಂದೇ ಮಾಡಿದ ಕ್ಯಾಮೆರಾಗಳ ಗಾತ್ರವನ್ನು ತೀರ್ಮಾನಿಸುತ್ತಿದ್ದುದು ಕನ್ನಡಿಯೊಂದೇ ಅಲ್ಲ ಎಂಬುದನ್ನು ಈ ಅಂಕಿ ತೋರಿಸುತ್ತದೆ. ಹಿಡಿಯುವ ಕೈಯ ಅಳತೆ, ಬ್ಯಾಟರಿಯ ಶಕ್ತಿ, ಒಳಗೆ ಹುಟ್ಟುವ ಶಾಖ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮುಂದುಗಡೆ ಕೂರುವ ಲೆನ್ಸಿನ ಭಾರ ಇವೆಲ್ಲ ಕೂಡಿ ಆ ಗಾತ್ರವನ್ನು ನಿಗದಿಗೊಳಿಸುತ್ತವೆ.

ಈ ವಿಷಯವನ್ನು ಕಾರ್ಖಾನೆಯ ಅಂಕಿಅಂಶಗಳಿಂದ ಅರಿಯುವುದಕ್ಕಿಂತ ಕೆಲಸದ ನೆಲದ ಮೇಲಿಟ್ಟು ನೋಡುವುದು ಹೆಚ್ಚು ಉಪಯುಕ್ತ, ಮತ್ತು ಅದಕ್ಕೆ ಹಾವೇರಿ ಜಿಲ್ಲೆ ಒಳ್ಳೆಯ ನೆಲೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಈ ಜಿಲ್ಲೆಯಲ್ಲಿ, ಹೆದ್ದಾರಿಯ ಉದ್ದಕ್ಕೆ ಒಂದು ಗಂಟೆಯೊಳಗಿನ ಪ್ರಯಾಣದ ದೂರದಲ್ಲಿ, ಛಾಯಾಗ್ರಾಹಕನಿಂದ ತೀರ ಬೇರೆಬೇರೆ ಬಗೆಯ ಉಪಕರಣಗಳನ್ನು ಬೇಡುವ ಸಂದರ್ಭಗಳು ಒಟ್ಟಿಗೆ ಸಿಗುತ್ತವೆ: ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಬಯಲು, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ, ದೀಪಾವಳಿಯಿಂದ ಆರಂಭವಾಗಿ ಊರೂರು ಸುತ್ತುವ ಹೋರಿ ಹಬ್ಬ, ಹಾವೇರಿಯ ಸಿದ್ಧೇಶ್ವರ ಗುಡಿಯಂತಹ ಮಬ್ಬು ಬೆಳಕಿನ ಕಲ್ಲಿನ ಮಂಟಪಗಳು, ಮತ್ತು ಇಲ್ಲಿನ ಬಹುಪಾಲು ಛಾಯಾಗ್ರಾಹಕರ ಹೊಟ್ಟೆ ತುಂಬಿಸುವ ಮದುವೆ ಮನೆ.

ಅಲ್ಲಿಗೆ ಹೋಗುವ ಮೊದಲು ಕನ್ನಡಿಯ ಕೆಲಸ ಏನಿತ್ತೆಂಬುದನ್ನು ತಿಳಿಯಬೇಕು. ಕನ್ನಡಿ ಇದ್ದ ಕ್ಯಾಮೆರಾದಲ್ಲಿ ಲೆನ್ಸಿನಿಂದ ಬಂದ ಬೆಳಕು ಮೊದಲು ಓರೆಯಾಗಿ ನಿಂತ ಕನ್ನಡಿಗೆ ಬಡಿದು ಮೇಲಕ್ಕೆ ಹೋಗಿ, ಪಟ್ಟಕದಲ್ಲಿ ತಿರುಗಿ ಕಣ್ಣಿಗೆ ತಲುಪುತ್ತಿತ್ತು; ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ಬೆಳಕಿಗೆ ಹಿಂದಿನ ಫಿಲ್ಮ್ ಅಥವಾ ಸೆನ್ಸರಿನವರೆಗೆ ದಾರಿ ಬಿಡುತ್ತಿತ್ತು. ಸೆನ್ಸರ್ ಎಂದರೆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಸಿಲಿಕಾನ್ ಫಲಕ. ಕನ್ನಡಿರಹಿತ ಕ್ಯಾಮೆರಾದಲ್ಲಿ ಈ ಫಲಕವೇ ಸದಾ ದೃಶ್ಯವನ್ನು ನೋಡುತ್ತಿದ್ದು, ಅದು ಕಂಡದ್ದನ್ನು ಕಣ್ಣಿನ ಬಳಿಯ ಪುಟ್ಟ ವಿದ್ಯುತ್ ಪರದೆ ತೋರಿಸುತ್ತದೆ. 2008ರಲ್ಲಿ ಪ್ಯಾನಸೋನಿಕ್ ಕಂಪನಿಯ ಜಿ1 ಬಂದಾಗಿನಿಂದ ಈ ಬಗೆಯ ಲೆನ್ಸ್ ಬದಲಾಯಿಸಬಹುದಾದ ಪುಟ್ಟ ಕ್ಯಾಮೆರಾಗಳು ಜನಪ್ರಿಯವಾದವು, 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ, ಹಳೆಯ ಫಿಲ್ಮಿನಷ್ಟೇ ಅಳತೆಯ ‘ಫುಲ್ ಫ್ರೇಮ್’ ಸೆನ್ಸರನ್ನು 2013ರಲ್ಲಿ ಸೋನಿ ಕಂಪನಿ ಆಲ್ಫಾ 7 ಎಂಬ ಮಾದರಿಯಲ್ಲಿ ಕೂರಿಸಿದ ಮೇಲೆ ವೃತ್ತಿಪರರೂ ಇತ್ತ ತಿರುಗಿ ನೋಡಿದರು.

ಆ ಮೊದಲ ಆಲ್ಫಾ 7 ಬ್ಯಾಟರಿ ಸೇರಿ ಕೇವಲ 474 ಗ್ರಾಂ ಇತ್ತು. ಮುಂದಿನ ಕಥೆ ಸ್ವಾರಸ್ಯಕರವಾದುದು. ಹಿಡಿ ಚಿಕ್ಕದು, ಕಿರುಬೆರಳಿಗೆ ಆಧಾರವಿಲ್ಲ, ಬ್ಯಾಟರಿ ಅರ್ಧ ದಿನವೂ ಬಾಳದು ಎಂಬ ದೂರುಗಳಿಗೆ ಉತ್ತರವಾಗಿ ತಲೆಮಾರಿನಿಂದ ತಲೆಮಾರಿಗೆ ಅದೇ ಸಾಲಿನ ಕ್ಯಾಮೆರಾ ಉಬ್ಬುತ್ತ ಹೋಗಿ, 2021ರ ನಾಲ್ಕನೆಯ ಆವೃತ್ತಿಯ ಹೊತ್ತಿಗೆ 658 ಗ್ರಾಂ ಆಯಿತು. ಮೊದಲಿನ ಬ್ಯಾಟರಿಯ ಸಾಮರ್ಥ್ಯ 1020 ಮಿಲಿಆಂಪ್-ಗಂಟೆ ಇದ್ದದ್ದು ಹೊಸದರಲ್ಲಿ 2280ಕ್ಕೆ ಏರಿತು. ಸಣ್ಣದನ್ನು ಮಾಡಿ ಹೆಸರು ಗಳಿಸಿದ ಕಂಪನಿಯೇ ಸಣ್ಣ ಗಾತ್ರವನ್ನು ಅಷ್ಟಿಷ್ಟು ಬಿಟ್ಟುಕೊಡುತ್ತ ಬಂದಿತೆಂದರೆ, ದಿನವಿಡೀ ಕ್ಯಾಮೆರಾ ಹಿಡಿದು ದುಡಿಯುವವರ ಕೈ ಆ ಕಂಪನಿಗೆ ಏನನ್ನೋ ಕಲಿಸಿತು ಎಂದೇ ಅರ್ಥ.

ಕನ್ನಡಿ ತೆಗೆದದ್ದರಿಂದ ನಿಜವಾಗಿ ದೊರೆತ ಲಾಭ ಯಾವುದು ಎಂಬುದನ್ನು ತಿಳಿಯಲು ಲೆನ್ಸ್ ಕೂರುವ ಬಳೆಯಿಂದ, ಅಂದರೆ ಮೌಂಟ್‌ನಿಂದ, ಸೆನ್ಸರಿನವರೆಗಿನ ದೂರವನ್ನು ಗಮನಿಸಬೇಕು. ನಡುವೆ ಕನ್ನಡಿ ಆಡಬೇಕಿದ್ದುದರಿಂದ 1959ರ ನಿಕಾನ್ ಎಫ್ ಮೌಂಟ್‌ನಲ್ಲಿ ಈ ದೂರ 46.5 ಮಿ.ಮೀ. ಇತ್ತು, ಕ್ಯಾನನ್ ಕಂಪನಿಯ 1987ರ ಇಎಫ್ ಮೌಂಟ್‌ನಲ್ಲಿ 44 ಮಿ.ಮೀ. ಹೊಸ ಕನ್ನಡಿರಹಿತ ಮೌಂಟ್‌ಗಳಲ್ಲಿ ಅದು ನಿಕಾನ್‌ಗೆ 16, ಸೋನಿಗೆ 18, ಕ್ಯಾನನ್‌ಗೆ 20 ಮಿ.ಮೀ.ಗೆ ಇಳಿದಿದೆ. ಹತ್ತಿರದ ವಿಶಾಲ ನೋಟವನ್ನು ಹಿಡಿಯುವ ವೈಡ್ ಲೆನ್ಸಿನ ಮಸೂರಗಳು ಸಹಜವಾಗಿ ಸೆನ್ಸರಿನ ತೀರ ಸಮೀಪದಲ್ಲಿರಬೇಕಾದವು. ಕನ್ನಡಿಯ ಕಾರಣಕ್ಕೆ ಅವನ್ನು ದೂರ ತಳ್ಳಿ, ಆ ದೂರವನ್ನು ಸರಿದೂಗಿಸಲು ಮುಂದೆ ದೊಡ್ಡ ಉಬ್ಬು ಗಾಜುಗಳನ್ನು ಪೇರಿಸಬೇಕಾಗುತ್ತಿತ್ತು. ಆ ತೊಡಕು ಈಗ ಉಳಿದಿಲ್ಲ. ನಿಕಾನ್‌ನ 14ರಿಂದ 24 ಮಿ.ಮೀ.ವರೆಗಿನ ಹಳೆಯ ವೈಡ್ ಝೂಮ್ ಹತ್ತಿರ ಹತ್ತಿರ ಒಂದು ಕಿಲೊ ತೂಗುತ್ತಿದ್ದರೆ, 2020ರಲ್ಲಿ ಬಂದ ಅದೇ ವ್ಯಾಪ್ತಿಯ, ಅಷ್ಟೇ ಬೆಳಕು ಬಿಡುವ ಹೊಸ ಲೆನ್ಸ್ 650 ಗ್ರಾಂ ಮಾತ್ರ. ಸಿದ್ಧೇಶ್ವರ ಗುಡಿಯ ಒಳಗೆ ಅಥವಾ ಬಂಕಾಪುರದ ನಗರೇಶ್ವರ ದೇವಾಲಯದ ಕಂಬಗಳ ದಟ್ಟಣೆಯ ನಡುವೆ, ಬೆನ್ನು ಗೋಡೆಗೆ ತಾಗಿದ ಮೇಲೆ ಹಿಂದೆ ಸರಿಯಲು ಎಡೆಯಿಲ್ಲದ ಜಾಗದಲ್ಲಿ ಕೆಲಸ ಮಾಡುವವರಿಗೆ ಕನ್ನಡಿರಹಿತ ಕ್ಯಾಮೆರಾ ಮಾಡಿದ ಉಪಕಾರ ಅಳತೆಗೆ ಸಿಗುವಂಥದ್ದು: ಹಗುರವೂ ಆಯಿತು, ಅಂಚಿನವರೆಗಿನ ಸ್ಪಷ್ಟತೆಯೂ ಹೆಚ್ಚಿತು.

ರಾಣೆಬೆನ್ನೂರಿನ ಬಯಲಿಗೆ ಬಂದರೆ ಲೆಕ್ಕ ತಿರುಗಿ ನಿಲ್ಲುತ್ತದೆ. 1974ರಲ್ಲಿ ಘೋಷಿತವಾದ, 119 ಚದರ ಕಿಲೊಮೀಟರ್ ವಿಸ್ತಾರದ ಈ ಅಭಯಾರಣ್ಯ ದಟ್ಟ ಕಾಡಲ್ಲ. ಕುರುಚಲು, ಹುಲ್ಲು, ನೀಲಗಿರಿ ತೋಪುಗಳ ಬಯಲುಸೀಮೆ. ಸುತ್ತಲಿನ ಜನ ಚಿಗರಿ ಎಂದು ಕರೆಯುವ ಕೃಷ್ಣಮೃಗ ಬದುಕಿ ಉಳಿದಿರುವುದೇ ದೂರದಿಂದ ಅಪಾಯವನ್ನು ಕಾಣುವ ಕಣ್ಣಿನಿಂದ ಮತ್ತು ಕಂಡೊಡನೆ ಗಂಟೆಗೆ 70-80 ಕಿಲೊಮೀಟರ್ ವೇಗದಲ್ಲಿ ದೌಡಾಯಿಸುವ ಕಾಲುಗಳಿಂದ. ಮರೆಯೇ ಇಲ್ಲದ ಬಯಲಿನಲ್ಲಿ ಮನುಷ್ಯ ನಡೆದು ಹತ್ತಿರ ಹೋಗುವಂತಿಲ್ಲವಾದ್ದರಿಂದ, ದೂರವನ್ನು ಲೆನ್ಸಿನಿಂದಲೇ ಗೆಲ್ಲಬೇಕು. ಟೆಲಿ ಲೆನ್ಸ್, ಅಂದರೆ ದೂರದ ವಸ್ತುವನ್ನು ದೊಡ್ಡದಾಗಿ ತೋರಿಸುವ ಲೆನ್ಸ್, ಇಲ್ಲಿ ಅನಿವಾರ್ಯ. ಅದರ ಗಾತ್ರವನ್ನು ಆಳುವ ನಿಯಮವಂತೂ ಕನ್ನಡಿ ಇದ್ದಾಗ ಹೇಗಿತ್ತೋ ಹಾಗೆಯೇ ಇದೆ.

ಆ ನಿಯಮ ಸರಳವಾಗಿದೆ. ಲೆನ್ಸಿನ ಮೇಲೆ 600 ಮಿ.ಮೀ. ಎಂದು ಬರೆದಿರುವುದು ಅದರ ಸಂಗಮದೂರ, ಅಂದರೆ ದೂರದಿಂದ ಬಂದ ಕಿರಣಗಳು ಕೂಡಿ ಬಿಂಬವಾಗಲು ಬೇಕಾದ ಅಂತರದ ಅಳತೆ. ಪಕ್ಕದಲ್ಲಿರುವ ಎಫ್/4 ಎಂಬುದು ಬೆಳಕಿಗೆ ತೆರೆದ ಬಾಯಿಯ, ಅಂದರೆ ಅಪರ್ಚರಿನ, ಸೂಚಿ. ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿದರೆ ಬೆಳಕು ಒಳಬರುವ ಬಾಯಿಯ ವ್ಯಾಸ ಸಿಗುತ್ತದೆ: 600 ಭಾಗಿಸು 4, ಅಂದರೆ 150 ಮಿ.ಮೀ. ಈ ವ್ಯಾಸದ ಮುಂಗಾಜು ಇಲ್ಲದೆ ಆ ಲೆನ್ಸ್ ಹುಟ್ಟಲಾರದು. ಹಿಂದೆ ಕನ್ನಡಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಕ್ಯಾನನ್ ಕಂಪನಿಯ 600 ಎಫ್/4 ಲೆನ್ಸಿನ ಚರಿತ್ರೆ ಇದಕ್ಕೆ ಸಾಕ್ಷಿ. 1999ರ ಮಾದರಿ 5360 ಗ್ರಾಂ ಇತ್ತು. 2018ರ ಮೂರನೆಯ ಆವೃತ್ತಿ 3050 ಗ್ರಾಂಗೆ ಇಳಿಯಿತು, ಮತ್ತು ಅದು ಕನ್ನಡಿಯುಳ್ಳ ಕ್ಯಾಮೆರಾಗೆಂದೇ ಮಾಡಿದ ಲೆನ್ಸ್. 2021ರಲ್ಲಿ ಬಂದ ಕನ್ನಡಿರಹಿತ ಆವೃತ್ತಿಯ ತೂಕ 3090 ಗ್ರಾಂ, ಅಂದರೆ 40 ಗ್ರಾಂ ಹೆಚ್ಚು. ಎರಡು ಕಿಲೊಗೂ ಮೀರಿದ ಇಳಿಕೆ ಬಂದದ್ದು ಹಗುರ ಲೋಹಗಳ ಕವಚದಿಂದ, ಫ್ಲೋರೈಟ್ ಹರಳಿನ ಮಸೂರಗಳಿಂದ, ಮತ್ತು ಮುಂಗಾಜಿನ ಹಿಂದಿನ ಭಾರವಾದ ಮಸೂರಗಳನ್ನು ಬೆಳಕಿನ ಕಿರಣಗುಚ್ಛ ಕಿರಿದಾಗುವ ಹಿಂಭಾಗಕ್ಕೆ ಸರಿಸಿ ಸಣ್ಣದಾಗಿಸಿದ ವಿನ್ಯಾಸದಿಂದ. ಕನ್ನಡಿ ಹೋದದ್ದರಿಂದ ಅಲ್ಲ.

ಹಾಗಾದರೆ ದೊಡ್ಡ ಬಾಯಿ ಏಕೆ ಬೇಕು ಎಂಬುದಕ್ಕೂ ಅದೇ ಬಯಲು ಉತ್ತರ ಕೊಡುತ್ತದೆ. ಕೃಷ್ಣಮೃಗ ಚುರುಕಾಗಿ ಮೇಯುವುದು, ಗಂಡುಗಳು ತಮ್ಮ ನೆಲೆಗಾಗಿ ಕಾದಾಡುವುದು ಬೆಳಗಿನ ಮತ್ತು ಸಂಜೆಯ ತಂಪು ಹೊತ್ತಿನಲ್ಲಿ, ಬೆಳಕು ಮಂದವಾಗಿರುವಾಗ. ಓಡುವ ಚಿಗರಿಯ ಕಾಲನ್ನು ಅಲುಗದಂತೆ ಹಿಡಿಯಲು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಕಿರಿದಾದ ಅವಧಿ ಬೇಕಾಗುತ್ತದೆ; ಅಷ್ಟರಲ್ಲಿ ಸಾಕಷ್ಟು ಬೆಳಕು ಒಳಬರಬೇಕಾದರೆ ಬಾಯಿ ದೊಡ್ಡದಿರಬೇಕು. ನಿಕಾನ್ ಕಂಪನಿಯ ಇನ್ನೊಂದು 600 ಮಿ.ಮೀ. ಲೆನ್ಸ್ ಎಫ್/6.3 ಮಾದರಿಯದು, ಫ್ರೆನೆಲ್ ತತ್ತ್ವದ ವಿಶೇಷ ಮಸೂರವನ್ನು ಬಳಸಿ ಮಾಡಿದ್ದು, ಸ್ಟ್ಯಾಂಡಿನ ಪಟ್ಟಿ ಸೇರಿ 1470 ಗ್ರಾಂ ಮಾತ್ರ ತೂಗುತ್ತದೆ. ಅದರ ಬಾಯಿ 95 ಮಿ.ಮೀ. ಅದೇ ಕಂಪನಿಯ ಎಫ್/4 ಲೆನ್ಸ್ 3260 ಗ್ರಾಂ. ಅರ್ಧಕ್ಕಿಂತ ಕಡಿಮೆ ತೂಕಕ್ಕೆ ತೆರಬೇಕಾದ ಬೆಲೆ ಎಂದರೆ ಬೆಳಕು ಎರಡೂವರೆ ಪಟ್ಟು ಕಡಿಮೆಯಾಗುವುದು. ಹೊಸ ಸೆನ್ಸರ್‌ಗಳು ಮಂದ ಬೆಳಕಿನಲ್ಲಿಯೂ ಚಿತ್ರವನ್ನು ತಕ್ಕಮಟ್ಟಿಗೆ ಶುಚಿಯಾಗಿ ಕೊಡುವುದರಿಂದ, ಸೂರ್ಯೋದಯದ ಮೊದಲ ಅರ್ಧ ಗಂಟೆಯನ್ನು ಬಿಟ್ಟುಕೊಡಲು ಒಪ್ಪಿದವನಿಗೆ ಈ ವ್ಯಾಪಾರ ನಷ್ಟದ್ದಲ್ಲ.

ಸೆನ್ಸರನ್ನೇ ಚಿಕ್ಕದಾಗಿಸಿ ಲೆನ್ಸನ್ನೂ ಚಿಕ್ಕದಾಗಿಸುವುದು ಇನ್ನೊಂದು ದಾರಿ. ಮೈಕ್ರೊ ಫೋರ್ ಥರ್ಡ್ಸ್ ಎಂಬ ಪದ್ಧತಿಯ ಸೆನ್ಸರ್ 17.3 ಮಿ.ಮೀ. ಅಗಲ, 13 ಮಿ.ಮೀ. ಎತ್ತರದ್ದು, ಅಂದರೆ ವಿಸ್ತೀರ್ಣದಲ್ಲಿ ಫುಲ್ ಫ್ರೇಮಿನ ಸುಮಾರು ಕಾಲುಭಾಗ. ಇದರ ಮುಂದೆ 300 ಮಿ.ಮೀ. ಲೆನ್ಸ್ ಇಟ್ಟರೆ ಫುಲ್ ಫ್ರೇಮಿನಲ್ಲಿ 600 ಮಿ.ಮೀ. ಕೊಡುವಷ್ಟೇ ಕಿರಿದಾದ ನೋಟ ಸಿಗುತ್ತದೆ. ಇದನ್ನು ಉಚಿತವಾಗಿ ಸಿಕ್ಕ ಇಮ್ಮಡಿ ಎಂದು ಹೇಳುವ ವಾಡಿಕೆಯುಂಟು, ಆದರೆ ಹಾಗೆ ಹೇಳುವುದು ಅರ್ಧಸತ್ಯ. 300 ಎಫ್/4 ಲೆನ್ಸಿನ ಬಾಯಿ 75 ಮಿ.ಮೀ. ಮಾತ್ರ; ಚಿಗರಿಯ ಮೈಯಿಂದ ಹೊರಟು ಸೆನ್ಸರಿಗೆ ತಲುಪುವ ಒಟ್ಟು ಬೆಳಕು 150 ಮಿ.ಮೀ. ಬಾಯಿಗೆ ಹೋಲಿಸಿದರೆ ಕಾಲುಭಾಗ. ನಡು ಹಗಲಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳದು, ಮುಸ್ಸಂಜೆಯಲ್ಲಿ ತಪ್ಪಿಸಿಕೊಳ್ಳಲಾಗದು. ಸಣ್ಣ ಪದ್ಧತಿ ಸಣ್ಣದಾಗಿರುವುದು ಕಡಿಮೆ ಬೆಳಕನ್ನು ಸಂಗ್ರಹಿಸುವುದರಿಂದಲೇ.

ತೂಕ ಎಷ್ಟಿದೆ ಎಂಬುದರಷ್ಟೇ ಮುಖ್ಯವಾದದ್ದು ಅದು ಎಲ್ಲಿದೆ ಎಂಬುದು. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದಾಗ ಹೊರೆಯಾಗದ ಭಾರ, ಅದೇ ಕೊಡವನ್ನು ಕೈಚಾಚಿ ಹಿಡಿದಾಗ ತೋಳನ್ನು ನಡುಗಿಸುತ್ತದೆ. ಎರಡು ಕಿಲೊ ತೂಕದ, ಗಾಜೆಲ್ಲ ಮುಂತುದಿಯಲ್ಲಿರುವ ಲೆನ್ಸಿಗೆ ಅರ್ಧ ಕಿಲೊದ ಪುಟ್ಟ ಬಾಡಿ, ಅಂದರೆ ಲೆನ್ಸಿಲ್ಲದ ಬರಿ ಕ್ಯಾಮೆರಾ, ಜೋಡಿಸಿದರೆ ಒಟ್ಟು ತೂಕ ಕಡಿಮೆಯಾದರೂ ಸಮತೋಲದ ಬಿಂದು ಮುಂದಕ್ಕೆ ಸರಿದು, ಎಡಗೈಯ ಮಣಿಕಟ್ಟು ಆ ಕೊರತೆಯನ್ನು ತುಂಬಬೇಕಾಗುತ್ತದೆ. ಬಲಗೈಯ ಬೆರಳುಗಳು ಚಿಕ್ಕ ಹಿಡಿಯನ್ನು ಬಿಗಿಯಾಗಿ ಹಿಸುಕಬೇಕಾಗುತ್ತದೆ. ಸೋನಿಯ 200-600 ಮಿ.ಮೀ. ಝೂಮ್ 2115 ಗ್ರಾಂ ತೂಗುತ್ತದೆ. ಅದನ್ನು ಹಗುರ ಬಾಡಿಯೊಂದಿಗೆ ಬಳಸುವವರು ಕೆಳಗೆ ಹೆಚ್ಚುವರಿ ಬ್ಯಾಟರಿ ಗ್ರಿಪ್ ಹಾಕಿಕೊಳ್ಳುವುದು ಬ್ಯಾಟರಿಗಾಗಿ ಎಷ್ಟೋ, ಹಿಡಿತಕ್ಕಾಗಿಯೂ ಅಷ್ಟೇ. ದುಡ್ಡು ಕೊಟ್ಟು ಇಳಿಸಿದ ತೂಕವನ್ನು ಮತ್ತೆ ದುಡ್ಡು ಕೊಟ್ಟು ಏರಿಸುವ ಈ ವಿಚಿತ್ರಕ್ಕೆ ಕಾರಣ, ಬಾಡಿಯ ಗಾತ್ರವನ್ನು ಲೆನ್ಸಿನಿಂದ ಬೇರ್ಪಡಿಸಿ ಕೊಂಡದ್ದು. ಬಾಡಿಯ ಅಳತೆಯನ್ನು ಅಂಗಡಿಯಲ್ಲಿ ಖಾಲಿ ಕೈಯಲ್ಲಿ ಹಿಡಿದು ನೋಡುವ ಬದಲು, ತನ್ನ ಕೆಲಸದ ಅತಿ ಭಾರವಾದ ಲೆನ್ಸನ್ನು ಜೋಡಿಸಿ ಕಾಲು ಗಂಟೆ ಕಣ್ಣಿಗೆ ಏರಿಸಿ ಹಿಡಿದು ನೋಡುವುದೇ ಸರಿಯಾದ ಪರೀಕ್ಷೆ. ಕೈಗಳೂ ಒಂದೇ ಅಳತೆಯವಲ್ಲ: ಹಿರಿಗೈಯವನಿಗೆ ಕಿರುಬೆರಳು ಜೋತಾಡುವ ಬಾಡಿ ಸಣ್ಣ ಕೈಯ ಛಾಯಾಗ್ರಾಹಕಿಗೆ ಎಲ್ಲ ಗುಂಡಿಗಳನ್ನೂ ಎಟುಕಿಸಿಕೊಡಬಹುದು, ಅವಳಿಗೆ ಝಡ್9ರ ಗುಂಡಿಗಳು ದೂರವಾಗಬಹುದು.

ಬಯಲಿನ ಛಾಯಾಗ್ರಹಣದಲ್ಲಿ ಇನ್ನೂ ಒಂದು ಮಿತಿ ಇದೆ, ಅದನ್ನು ಯಾವ ಲೆನ್ಸೂ ದಾಟಲಾರದು. ಬಿಸಿಲು ಏರಿ ನೆಲ ಕಾದಂತೆ ಅದರ ಮೇಲಿನ ಗಾಳಿಯ ಪದರಗಳು ಬೇರೆಬೇರೆ ಉಷ್ಣತೆಗೆ ಬಂದು ಕದಡಲಾರಂಭಿಸುತ್ತವೆ. ಅವುಗಳ ಮೂಲಕ ಹಾಯುವ ಬೆಳಕು ಅಡ್ಡಾದಿಡ್ಡಿ ಬಾಗಿ, ದೂರದ ಪ್ರಾಣಿಯ ಅಂಚು ಕರಗಿದಂತೆ ಕಾಣುತ್ತದೆ. ಬೇಸಿಗೆಯ ಬಯಲುಸೀಮೆಯಲ್ಲಿ ಹೊತ್ತು ಸ್ವಲ್ಪ ಏರಿತೆಂದರೆ ಹತ್ತು ಲಕ್ಷ ರೂಪಾಯಿಗೂ ಮೀರಿದ ಲೆನ್ಸ್ ಮತ್ತು ಅದರ ಹತ್ತನೆಯ ಒಂದು ಪಾಲಿನ ಬೆಲೆಯ ಲೆನ್ಸ್ ಕೊಡುವ ಚಿತ್ರಗಳ ನಡುವೆ ಅಂತರ ಉಳಿಯುವುದಿಲ್ಲ. ಉಪಕರಣದ ಗಾತ್ರವನ್ನು ಕುರಿತ ಚರ್ಚೆಗಳಲ್ಲಿ ಈ ಸಂಗತಿ ಬರುವುದು ಅಪರೂಪ.

ಬಾಡಿಯ ಗಾತ್ರಕ್ಕೆ ಬಿಸಿಲಿನೊಂದಿಗೆ ಬೇರೆ ನಂಟೂ ಇದೆ. ಸೆನ್ಸರ್ ಸದಾ ಎಚ್ಚರವಾಗಿರುವ ಕ್ಯಾಮೆರಾದಲ್ಲಿ ಶಾಖ ಸದಾ ಹುಟ್ಟುತ್ತದೆ. ವಿಡಿಯೊ ತೆಗೆಯುವಾಗ ಅದು ಹಲವು ಪಟ್ಟಾಗುತ್ತದೆ. ಶಾಖ ಹೊರಹೋಗಲು ಲೋಹದ ಹರಹು ಬೇಕು, ಹರಹು ಬೇಕೆಂದರೆ ಗಾತ್ರ ಬೇಕು. 2020ರಲ್ಲಿ ಕ್ಯಾನನ್‌ನ ಆರ್5 ಬಂದಾಗ, 738 ಗ್ರಾಂ ತೂಕದ ಅದರೊಳಗೆ 8ಕೆ ವಿಡಿಯೊ ಸಾಮರ್ಥ್ಯವನ್ನು ತುಂಬಿದ್ದರಿಂದ, 23 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿಯೂ ಸುಮಾರು 20 ನಿಮಿಷಕ್ಕೆ ಚಿತ್ರೀಕರಣ ನಿಲ್ಲುವ ಮಿತಿಯನ್ನು ಕಂಪನಿಯೇ ಹೇಳಿಕೊಳ್ಳಬೇಕಾಯಿತು. ಎರಡು ವರ್ಷಗಳ ಬಳಿಕ ಅದೇ ಬಾಡಿಯನ್ನು ಹಿಂದಕ್ಕೆ ದಪ್ಪಗೊಳಿಸಿ, ಫ್ಯಾನ್ ಕೂರಿಸಿ ಆರ್5 ಸಿ ಎಂಬ ಹೆಸರಿನಲ್ಲಿ ಹೊರತಂದಿತು. ಹೆಚ್ಚಿನ ಕ್ಯಾಮೆರಾಗಳ ಕೈಪಿಡಿಯಲ್ಲಿ ನಮೂದಾಗಿರುವ ಕೆಲಸದ ಉಷ್ಣತೆಯ ಮೇಲ್ಮಿತಿ 40 ಡಿಗ್ರಿ. ಅದು ನೆರಳಿನ ಗಾಳಿಯ ಲೆಕ್ಕ. ಬೇಸಿಗೆಯ ನಡು ಹಗಲಿನಲ್ಲಿ ಬ್ಯಾಡಗಿಯ ಅಂಗಳದಲ್ಲಿ ತೆರೆದ ಬಿಸಿಲಿಗೆ ಒಡ್ಡಿದ ಕಪ್ಪು ಬಾಡಿ ಆ ಅಂಕಿಯನ್ನು ಮೀರಲು ಹೆಚ್ಚು ಹೊತ್ತು ಬೇಕಾಗದು. ದೊಡ್ಡ ಟೆಲಿ ಲೆನ್ಸ್‌ಗಳಿಗೆ ಬಿಳಿ ಬಣ್ಣ ಬಳಿಯುವ ರೂಢಿಯೂ ಬಿಸಿಲನ್ನು ಹಿಮ್ಮೆಟ್ಟಿಸಲಿಕ್ಕೆಂದೇ ಬಂದದ್ದು.

ಬ್ಯಾಡಗಿಯಲ್ಲಿ ಬಿಸಿಲಿಗಿಂತ ದೊಡ್ಡ ವೈರಿ ದೂಳು. ಕಡುಗೆಂಪು ಬಣ್ಣಕ್ಕೂ ಕಡಿಮೆ ಖಾರಕ್ಕೂ ಹೆಸರಾದ, 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಲ್ಲಿನ ಮೆಣಸಿನಕಾಯಿ ಸುಗ್ಗಿಯ ತಿಂಗಳುಗಳಲ್ಲಿ ಮಾರುಕಟ್ಟೆಯ ಅಂಗಳಕ್ಕೆ ಲಕ್ಷಗಟ್ಟಲೆ ಚೀಲಗಳಲ್ಲಿ ಬಂದು ಬೀಳುತ್ತದೆ. ಚೀಲ ಸುರಿಯುವಾಗ, ರಾಶಿ ಕೂಡಿಸುವಾಗ, ತೊಟ್ಟು ಬಿಡಿಸುವಾಗ ಏಳುವ ಘಾಟಿನ ಪುಡಿ ಮೂಗು ಗಂಟಲನ್ನು ಹೇಗೆ ಹೊಗುತ್ತದೆಯೋ ಹಾಗೆಯೇ ಲೆನ್ಸಿನ ಸಂದುಗಳನ್ನೂ ಹೊಗುತ್ತದೆ. ಇಲ್ಲಿ ಗಾತ್ರದ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಪತ್ರಿಕಾ ಛಾಯಾಗ್ರಾಹಕರು ಮತ್ತು ಮದುವೆಯವರು ಸಮಾನವಾಗಿ ನೆಚ್ಚುವ 70-200 ಎಫ್/2.8 ಝೂಮ್ ಕನ್ನಡಿಯ ಕಾಲದಲ್ಲಿ ಒಂದೂವರೆ ಕಿಲೊ ತೂಗುವ, ಉದ್ದ ಬದಲಾಗದ ಕೊಳವೆಯಾಗಿತ್ತು. ಕ್ಯಾನನ್ ಕಂಪನಿ 2019ರಲ್ಲಿ ಅದನ್ನು 1070 ಗ್ರಾಂಗೆ ಇಳಿಸಿ, 146 ಮಿ.ಮೀ. ಉದ್ದಕ್ಕೆ ಕುಗ್ಗಿಸಿತು, ಆದರೆ ಝೂಮ್ ಮಾಡಿದಾಗ ಕೊಳವೆ ಮುಂದಕ್ಕೆ ಚಾಚುವಂತೆ ಮಾಡಿ ಆ ಕುಗ್ಗುವಿಕೆಯನ್ನು ಸಾಧಿಸಿತು. ಕೊಳವೆ ಚಾಚಿದಾಗ ಒಳಗಿನ ಜಾಗ ಹಿಗ್ಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ರಬ್ಬರಿನ ಬಿಗಿಪಟ್ಟಿಗಳು ಪುಡಿಯನ್ನು ಬಹುಮಟ್ಟಿಗೆ ತಡೆದರೂ, ಹೊರಗಿನ ಕೊಳವೆಯ ಮೇಲೆ ಕೂತದ್ದು ಪ್ರತಿ ಸಲ ಒಳಸರಿಯುವಾಗ ಪಟ್ಟಿಯನ್ನು ಉಜ್ಜುತ್ತಲೇ ಇರುತ್ತದೆ. ಸೋನಿ ಕಂಪನಿ ಇನ್ನೊಂದು ದಾರಿ ಹಿಡಿದು, ಉದ್ದವನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ಮಸೂರ ಮತ್ತು ಮೋಟಾರುಗಳನ್ನು ಮರುವಿನ್ಯಾಸಗೊಳಿಸಿ, 2016ರಲ್ಲಿ 1480 ಗ್ರಾಂ ಇದ್ದ ಲೆನ್ಸನ್ನು 2021ರಲ್ಲಿ 1045 ಗ್ರಾಂಗೆ ತಂದಿತು. ಕೊನೆಗೆ ಕ್ಯಾನನ್ ಕೂಡ 2024ರಲ್ಲಿ, ಚಾಚದ ಕೊಳವೆಯ ಉದ್ದನೆಯ ಲೆನ್ಸನ್ನು ಮತ್ತೊಮ್ಮೆ ತಯಾರಿಸಿತು. ಚೀಲದಲ್ಲಿ ಹಿಡಿಯುವ ಅಳತೆ ಮತ್ತು ಕೆಲಸದ ನಡುವಿನ ಅಳತೆ ಎರಡೂ ಒಂದೇ ಅಲ್ಲವೆಂಬುದನ್ನು ಆ ಕಂಪನಿ ಐದು ವರ್ಷಗಳಲ್ಲಿ ಒಪ್ಪಿಕೊಂಡಂತಾಯಿತು.

ದೂಳಿನ ಜಾಗದಲ್ಲಿ ಲೆನ್ಸ್ ಬದಲಿಸುವುದು ಕನ್ನಡಿರಹಿತ ಕ್ಯಾಮೆರಾಗೆ ವಿಶೇಷವಾಗಿ ಅಪಾಯಕಾರಿ, ಏಕೆಂದರೆ ಬಳೆಯಿಂದ ಎರಡು ಸೆಂಟಿಮೀಟರ್ ಒಳಗೇ ಸೆನ್ಸರ್ ಬರಿಮೈಯಲ್ಲಿರುತ್ತದೆ. ಕನ್ನಡಿಯ ಮರೆಯೂ ಈಗಿಲ್ಲ. ಕ್ಯಾನನ್ ತನ್ನ ಕ್ಯಾಮೆರಾಗಳಲ್ಲಿ ಸ್ವಿಚ್ ಆರಿಸಿದಾಗ ಶಟರ್ ಮುಚ್ಚಿಕೊಳ್ಳುವ ಉಪಾಯ ತಂದಿತು, ನಿಕಾನ್ ಝಡ್9ರಲ್ಲಿ ಪ್ರತ್ಯೇಕ ಪರದೆಯನ್ನೇ ಇಟ್ಟಿತು. ಇಷ್ಟಾದರೂ ಬ್ಯಾಡಗಿಯ ಅಂಗಳದಲ್ಲಿ ಅತ್ಯಂತ ವಿವೇಕದ ಮಾರ್ಗವೆಂದರೆ ಬದಲಿಸದೇ ಇರುವುದು, ಅಂದರೆ ಎರಡು ಬಾಡಿಗಳನ್ನು ಎರಡು ಲೆನ್ಸಿನೊಂದಿಗೆ ಹೊರುವುದು. ಬಾಡಿಯ ಹಗುರತನಕ್ಕೆ ನಿಜವಾದ ಬೆಲೆ ಬರುವುದು ಇಲ್ಲಿಯೇ: ಒಂದಕ್ಕೆ 300 ಗ್ರಾಂ ಉಳಿದರೆ ಎರಡಕ್ಕೆ 600 ಗ್ರಾಂ ಉಳಿಯಿತು, ಅದು ಇನ್ನೊಂದು ಸಣ್ಣ ಲೆನ್ಸಿನ ತೂಕ. ಸಣ್ಣ ಗಾತ್ರಕ್ಕೆ ಇಲ್ಲಿ ಬೇರೊಂದು ಪ್ರಯೋಜನವೂ ಉಂಟು. 2024ರ ಮಾರ್ಚ್ 11ರಂದು ದರ ಕುಸಿತದಿಂದ ರೊಚ್ಚಿಗೆದ್ದ ರೈತರು ಇದೇ ಮಾರುಕಟ್ಟೆಯ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದಂತಹ ದಿನಗಳಲ್ಲಿ, ಉದ್ದನೆಯ ಬಿಳಿ ಲೆನ್ಸ್ ಹಿಡಿದವನು ದೂರದಿಂದಲೇ ಗುರುತಾಗುತ್ತಾನೆ. ಅಂಗೈಯಲ್ಲಿ ಅಡಗುವ 35 ಮಿ.ಮೀ. ಲೆನ್ಸಿನವನು ಗುಂಪಿನೊಳಗಿನ ಒಬ್ಬನಾಗಿಯೇ ಉಳಿಯುತ್ತಾನೆ.

ಹೋರಿ ಹಬ್ಬದಲ್ಲಿ ಗಾತ್ರ ಎಂದರೆ ಪ್ರಾಣರಕ್ಷಣೆಯ ವಿಷಯ. ಕೊರಳಿಗೆ ಕೊಬ್ಬರಿ ಹಾರ, ಮೈಮೇಲೆ ಜೂಲ, ಕೋಡುಗಳಿಗೆ ಬಲೂನು ಕಟ್ಟಿದ ಹೋರಿ ಅಖಾಡದ ಎರಡೂ ಬದಿಯ ಜನರ ನಡುವೆ ನುಗ್ಗಿ ಬರುವಾಗ, ಕೊಬ್ಬರಿ ಹರಿಯಲು ಮೈಮೇಲೆ ಬೀಳುವ ಯುವಕರ ಚಿತ್ರ ಬೇಕೆಂದರೆ ಛಾಯಾಗ್ರಾಹಕನೂ ಹತ್ತಿರದಲ್ಲಿಯೇ ಇರಬೇಕು, ಮತ್ತು ಹೋರಿ ದಿಕ್ಕು ಬದಲಿಸಿದರೆ ಒಂದು ಜಿಗಿತಕ್ಕೆ ಕಟ್ಟೆಯನ್ನೋ ಟ್ರ್ಯಾಕ್ಟರನ್ನೋ ಏರಬೇಕು. ನೋಡಲು ನಿಂತವರೇ ಹೋರಿ ಹಾಯ್ದು ಸತ್ತ ಘಟನೆಗಳು ಈ ಜಿಲ್ಲೆಯಲ್ಲಿ ನಡೆದಿವೆ. ಮೂರು ಕಿಲೊದ ಲೆನ್ಸ್, ಅದಕ್ಕೊಂದು ಮಾನೋಪಾಡ್ ಎಂಬ ಒಂಟಿಕಾಲಿನ ಊರುಗೋಲು ಇಟ್ಟುಕೊಂಡವನಿಗೆ ಅಲ್ಲಿ ಜಾಗವಿಲ್ಲ. 24-70 ಮಿ.ಮೀ. ಝೂಮ್ ಸಾಕಾಗುವ ಈ ಕೆಲಸಕ್ಕೆ ಬಾಡಿ ಚಿಕ್ಕದಿದ್ದಷ್ಟೂ ಒಳ್ಳೆಯದು, ಆದರೆ ಹಿಡಿ ಮಾತ್ರ ಚಿಕ್ಕದಿರಬಾರದು. ಬೆವರಿದ ಕೈಯಿಂದ ಜಾರಿದ ಕ್ಯಾಮೆರಾ ಸಾವಿರ ಕಾಲುಗಳ ಕೆಳಗೆ ಬೀಳುತ್ತದೆ. ಹೋರಿಯ ವೇಗಕ್ಕೆ ಮತ್ತೊಂದು ಎಚ್ಚರಿಕೆಯೂ ಸಲ್ಲುತ್ತದೆ: ಯಾಂತ್ರಿಕ ಶಟರನ್ನು ಬಿಟ್ಟು ವಿದ್ಯುತ್ ಶಟರ್ ಬಳಸಿದಾಗ ಸಾಮಾನ್ಯ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ, ಓದು ಮುಗಿಯುವಷ್ಟರಲ್ಲಿ ಮುಂದೆ ಸಾಗಿದ ಕಾಲು ಸೊಟ್ಟಗೆ ಕಾಣಬಹುದು.

ಮದುವೆ ಮನೆಯಲ್ಲಿ ಗಾತ್ರದ ಲೆಕ್ಕ ಅರ್ಧ ಭೌತಶಾಸ್ತ್ರ, ಅರ್ಧ ಸಮಾಜಶಾಸ್ತ್ರ. ಅರಿಶಿಣ ಹಚ್ಚುವಲ್ಲಿಂದ ಅಕ್ಕಿಕಾಳು ಬೀಳುವವರೆಗೆ, ಅಲ್ಲಿಂದ ಊಟದ ಪಂಕ್ತಿ ಮುಗಿಯುವವರೆಗೆ ಹತ್ತು ಹನ್ನೆರಡು ಗಂಟೆ ಕ್ಯಾಮೆರಾ ಕೆಳಗಿಡದವನಿಗೆ ಪ್ರತಿ ನೂರು ಗ್ರಾಮೂ ಸಂಜೆಯ ಹೊತ್ತಿಗೆ ಭುಜದಲ್ಲಿ ಲೆಕ್ಕ ಕೊಡುತ್ತದೆ. ವಿಡಿಯೊದವರಿಗೆ ಇದು ಇನ್ನೂ ಕಟ್ಟುನಿಟ್ಟು. ಗಿಂಬಲ್ ಎಂದರೆ ಕೈಯ ಅಲುಗಾಟವನ್ನು ಮೋಟಾರುಗಳಿಂದ ಸರಿದೂಗಿಸಿ ಕ್ಯಾಮೆರಾವನ್ನು ನಿಶ್ಚಲವಾಗಿಡುವ ಹಿಡಿಕೆ. ಡಿಜೆಐ ಕಂಪನಿಯ ಆರ್‌ಎಸ್3 ಮಿನಿ ಎಂಬ ಸಣ್ಣ ಗಿಂಬಲ್ ಹೊರಬಲ್ಲದ್ದು 2 ಕಿಲೊ. ಝಡ್9ಕ್ಕೆ ನಿಕಾನ್‌ನ 805 ಗ್ರಾಂ ತೂಕದ 24-70 ಎಫ್/2.8 ಲೆನ್ಸ್ ಜೋಡಿಸಿದರೆ ಆ ಮಿತಿ ದಾಟುತ್ತದೆ, ದೊಡ್ಡ ಗಿಂಬಲ್ ಬೇಕಾಗುತ್ತದೆ. ಆಲ್ಫಾ 7ರ ನಾಲ್ಕನೆಯ ಆವೃತ್ತಿಗೆ ಸೋನಿಯ 695 ಗ್ರಾಂ ತೂಕದ 24-70 ಕೂರಿಸಿದರೆ ಒಟ್ಟು 1353 ಗ್ರಾಂ, ಸಣ್ಣ ಗಿಂಬಲ್ಲೇ ಸಾಕು. ಬಾಡಿಯ ಗಾತ್ರ ಹೀಗೆ ತನ್ನೊಂದಿಗೆ ಗಿಂಬಲ್, ಟ್ರೈಪಾಡ್, ಚೀಲ, ಕೊನೆಗೆ ಸಹಾಯಕರ ಸಂಖ್ಯೆಯನ್ನೂ ತೀರ್ಮಾನಿಸುತ್ತ ಹೋಗುತ್ತದೆ. ಇಷ್ಟಿದ್ದೂ ಹಗುರ ಕ್ಯಾಮೆರಾ ಹಿಡಿದು ಬಂದವನನ್ನು ಬೀಗರು ಅನುಮಾನದಿಂದ ನೋಡುವುದು ತಪ್ಪಿಲ್ಲ. ದುಡ್ಡು ಕೊಡುವವರ ಕಣ್ಣಿನಲ್ಲಿ ದೊಡ್ಡ ಕ್ಯಾಮೆರಾ ದೊಡ್ಡ ಕೆಲಸದ ಗುರುತು. ಬ್ಯಾಟರಿ ಮುಗಿಯದಿದ್ದರೂ ಕೆಳಗೊಂದು ಗ್ರಿಪ್, ಬಿಸಿಲಿಲ್ಲದ ಮಂಟಪದೊಳಗೂ ಲೆನ್ಸಿಗೊಂದು ಹೂವಿನಾಕಾರದ ಹುಡ್ ಹಾಕಿಕೊಳ್ಳುವ ಚಾಳಿಗೆ ಕಾರಣ ಇದೇ ಇರಬೇಕು. ಇದನ್ನು ಗೇಲಿ ಮಾಡುವುದು ಸುಲಭ, ಆದರೆ ಮುಂದಿನ ಮದುವೆಯ ಮುಂಗಡ ಬರುವುದು ಆ ನೋಟದಿಂದಲೇ ಆದಾಗ ಅದೂ ವೃತ್ತಿಯ ಲೆಕ್ಕವೇ ಆಗುತ್ತದೆ.

ಎಫ್/2.8 ಝೂಮ್‌ಗಳ ಬದಲು ಬೆಳಕನ್ನು ಹೆಚ್ಚು ಬಿಡುವ, ಝೂಮ್ ಇಲ್ಲದ ಸಣ್ಣ ಲೆನ್ಸ್‌ಗಳನ್ನು ಆರಿಸಿಕೊಂಡರೆ ಒಟ್ಟು ಹೊರೆ ಅರ್ಧಕ್ಕೆ ಇಳಿಯುವುದುಂಟು. ಸೋನಿಯ 50 ಎಫ್/1.8 ಲೆನ್ಸ್ 186 ಗ್ರಾಂ ಮಾತ್ರ, ಎಫ್/2.8 ಝೂಮಿಗಿಂತ ಎರಡು ಪಟ್ಟಿಗೂ ಹೆಚ್ಚು ಬೆಳಕನ್ನು ಬಿಡುತ್ತದೆ. ಆದರೆ ಅದೇ 50 ಮಿ.ಮೀ.ಯಲ್ಲಿ ಎಫ್/1.2ಕ್ಕೆ ಹೋದೊಡನೆ ತೂಕ 778 ಗ್ರಾಂಗೆ ಜಿಗಿಯುತ್ತದೆ. ಕಂಪನಿಗಳು ಕನ್ನಡಿ ತೆಗೆದು ಗಳಿಸಿದ ಜಾಗವನ್ನು ಹಗುರತನಕ್ಕೆ ಬಳಸಿದ್ದಕ್ಕಿಂತ ಇಂತಹ ದೈತ್ಯ ಲೆನ್ಸ್‌ಗಳಿಗೆ ಬಳಸಿದ್ದೇ ಹೆಚ್ಚು. ಕ್ಯಾನನ್‌ನ 28-70 ಎಫ್/2 ಝೂಮ್ 1430 ಗ್ರಾಂ ಇದ್ದು, ಕಂಪನಿಯ ಮೊದಲ ಫುಲ್ ಫ್ರೇಮ್ ಕನ್ನಡಿರಹಿತ ಕ್ಯಾಮೆರಾದ ಜೊತೆಜೊತೆಗೇ 2018ರಲ್ಲಿ ಪ್ರಕಟವಾದದ್ದು ಆಕಸ್ಮಿಕವಲ್ಲ.

ಸಣ್ಣ ಊರುಗಳ ಸ್ಟುಡಿಯೊಗಳಿಗೆ ಇವೆಲ್ಲಕ್ಕಿಂತ ಮುಂದಿರುವ ವಾಸ್ತವ, ಬೀರುವಿನಲ್ಲಿ ಈಗಾಗಲೇ ಇರುವ ಹಳೆಯ ಲೆನ್ಸ್‌ಗಳು. ಅವನ್ನು ಮಾರಿ ಹೊಸವನ್ನು ಕೊಳ್ಳುವುದು ಒಂದೇ ವರ್ಷದಲ್ಲಿ ಆಗುವ ಕೆಲಸವಲ್ಲವಾದ್ದರಿಂದ, ಮೊದಲು ಬಾಡಿ ಬದಲಾಗುತ್ತದೆ, ಹಳೆಯ ಲೆನ್ಸನ್ನು ಅಡಾಪ್ಟರ್ ಎಂಬ ಜೋಡುಬಳೆಯ ಮೂಲಕ ಕೂರಿಸಲಾಗುತ್ತದೆ. ಕ್ಯಾನನ್‌ನ ಅಡಾಪ್ಟರ್ 24 ಮಿ.ಮೀ. ಉದ್ದದ್ದು, ಅಂದರೆ 44 ಮತ್ತು 20ರ ವ್ಯತ್ಯಾಸ, ನಿಕಾನ್‌ನದು 30.5 ಮಿ.ಮೀ., ಅಂದರೆ 46.5 ಮತ್ತು 16ರ ವ್ಯತ್ಯಾಸ. ಅದರೊಳಗೆ ಒಂದು ಚೂರು ಗಾಜೂ ಇರುವುದಿಲ್ಲ; ಕನ್ನಡಿ ಆಡುತ್ತಿದ್ದ ಜಾಗವನ್ನು ಮರಳಿ ಕೊಡುವುದಷ್ಟೇ ಅದರ ಕೆಲಸ. ಫೋಕಸ್ ಸರಾಗವಾಗಿ ನಡೆಯುವುದರಿಂದ, ನಿಕಾನ್‌ನಲ್ಲಿ ಒಳಗೆ ಮೋಟಾರ್ ಇಲ್ಲದ ಹಳೆಯ ಲೆನ್ಸ್‌ಗಳನ್ನು ಬಿಟ್ಟು, ಕೆಲಸಕ್ಕೆ ಅಡ್ಡಿಯಿಲ್ಲ. ಹೆಚ್ಚುವರಿ ಸುಮಾರು ನೂರಿಪ್ಪತ್ತು ಗ್ರಾಂ ಮತ್ತು ಮತ್ತಷ್ಟು ಮುಂದೆ ಸರಿದ ಸಮತೋಲ ಮಾತ್ರ ಉಳಿಯುತ್ತದೆ. ಆ ಜೋಡುಬಳೆಯನ್ನು ಕಳಚಿಡುವ ಹೊತ್ತಿಗೆ ಯಾವ ಲೆನ್ಸ್ ಮೊದಲು ಬದಲಾಗಬೇಕೆಂಬುದಕ್ಕೆ ಸಿಗುವ ಉತ್ತರ ಅವರವರ ಕೆಲಸಕ್ಕೆ ತಕ್ಕಂತೆ ಬೇರೆಯಾದೀತು: ಗುಡಿಯ ಮಂಟಪದವರಿಗೆ ವೈಡ್ ಲೆನ್ಸ್, ಏಕೆಂದರೆ ಕನ್ನಡಿ ಹೋದದ್ದರ ಫಲ ಪೂರ್ತಿಯಾಗಿ ಸಿಕ್ಕಿರುವುದು ಅಲ್ಲಿ, ಬಯಲಿನವರಿಗೆ ಟೆಲಿ ಲೆನ್ಸ್ ಎಲ್ಲಕ್ಕಿಂತ ಕೊನೆಗೆ, ಹಳೆಯದು ಕೆಡುವವರೆಗೂ ಕಾಯಬಹುದು.